ಇಪ್ಪತ್ತಮೂರನೆಯ ಎಲೆ

ಮಾತು ಹೋದವರಿಗೆ ಕೊರಳಪಟ್ಟಿ ಮಾತು ಕೊಡುವ ಕಾಲ ಬಂದಾಗ, ಗುಳೇದಗುಡ್ಡದ ಹೆಂಗಸರು ಮಾಡಿದ ಮೊದಲ ಕೆಲಸವೆಂದರೆ ಆ ಪಟ್ಟಿಗೆ ತಮ್ಮೂರ ರವಿಕೆಬಟ್ಟೆಯಾದ ಖಣದ ಗವಸು ಹೊಲಿದದ್ದು. ಕಂಪನಿಯಿಂದ ಬಂದ ಪಟ್ಟಿ ಬೂದು ಬಣ್ಣದ್ದು. ಎತ್ತಿನ ಕೊರಳಿಗೆ ಕಟ್ಟುವ ಪಟ್ಟಿಯಂತೆ ಕಾಣುತ್ತಿತ್ತು. ದಾನಮ್ಮ ತನ್ನದಕ್ಕೆ ಕೆಂಪಂಚಿನ ಹಸಿರು ಖಣ ಹೊಲಿಸಿಕೊಂಡು, "ಅಂಗಡಿ ಚಂದ ಇದ್ರ ಮಾಲೂ ಚಂದ ಅಂತಾರ" ಎಂದು ನಕ್ಕಿದ್ದಳು. ಪಟ್ಟಿಯೊಳಗಿಂದ ಹೊರಟ ಮೊದಲ ವಾರದ ಮಾತು ಅದು.

ಅದರ ಕೆಲಸ ಹೀಗೆ. ಪಾರ್ಶ್ವವಾಯು ಬಡಿದು ನಾಲಿಗೆ ಬಿದ್ದುಹೋದರೂ, ಮಾತಾಡಬೇಕೆಂದು ಮನಸ್ಸು ಮಾಡಿದೊಡನೆ ಕೊರಳಿನ ನರಗಳು ಒಂದಿಷ್ಟು ಮಿಡಿಯುತ್ತವೆ. ಪಟ್ಟಿ ಆ ಮಿಡಿತವನ್ನು ಹಿಡಿದು ಊರ ನಡುವಿನ ಮಾತಿನ ಕಚೇರಿಗೆ ಕಳಿಸುತ್ತದೆ. ಒಬ್ಬರ ಕೊರಳಿನಂತೆ ಇನ್ನೊಬ್ಬರದು ಇರುವುದಿಲ್ಲವಾದ್ದರಿಂದ ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್. ಅದು ಮಿಡಿತವನ್ನು ಮಾತಾಗಿ ಹೊಂದಿಸಿ ಹಿಂದಕ್ಕೆ ಕಳಿಸಿದರೆ, ಪಟ್ಟಿಯ ಸಣ್ಣ ಸ್ಪೀಕರಿನಿಂದ ಅವರದೇ ಹಳೆಯ ದನಿಯಲ್ಲಿ ಮಾತು ಹೊರಡುತ್ತದೆ. ಕಚೇರಿಯವರು ಆ ಮಾತನ್ನು ಕೇಳಿಸಿಕೊಳ್ಳುವಂತಿಲ್ಲ. ಕಂಪ್ಯೂಟರ್ ನಡೆದಿದೆಯೋ ನಿಂತಿದೆಯೋ ಎಂಬುದಷ್ಟೇ ಅವರಿಗೆ ಕಾಣುವುದು.

ಕಚೇರಿಯ ಮೇಲ್ವಿಚಾರಕ ಮುರಿಗೆಪ್ಪ, ದಾನಮ್ಮನ ಗಂಡ. ಐವತ್ತಾರು ವರ್ಷದ ಸಾತ್ವಿಕ. ವಿಭೂತಿ ಧರಿಸದೆ ಕೀಬೋರ್ಡು ಮುಟ್ಟಿದವನಲ್ಲ. ಅವನಿಗೂ ದಾನಮ್ಮನಿಗೂ ಒಬ್ಬಳು ಮಗಳಿದ್ದಳು, ನೀಲಾಂಬಿಕಾ. ಒಂಬತ್ತನೆಯ ವಯಸ್ಸಿನಲ್ಲಿ, ಮೂರು ದಿನದ ಜ್ವರದಲ್ಲಿ, ಶಿವನ ಪಾದ ಸೇರಿದಳು. ಅದಾಗಿ ಹನ್ನೊಂದು ವರ್ಷ. ದೇವರ ಕೋಣೆಯಲ್ಲಿ ದೀಪ ಹಚ್ಚುವಾಗಲೂ ಆ ಹೆಸರನ್ನು ಇಬ್ಬರೂ ಬಾಯಿಗೆ ತಂದಿರಲಿಲ್ಲ.

ಈಗ ಆ ಹೆಸರಿಗೆ ದಾರಿ ತೆರೆದಿತ್ತು. ದಾನಮ್ಮ ತಾಯಿಯಂತೆ ಸಾಕಿದ ಕಿರಿಯ ತಮ್ಮ ಪ್ರಭುಲಿಂಗನಿಗೆ ಮದುವೆಯಾಗಿ ಬಹಳ ವರ್ಷಕ್ಕೆ ಹೆಣ್ಣು ಕೂಸು ಹುಟ್ಟಿತ್ತು. ಅವನು ಬಂದು ಅಕ್ಕನ ಕಾಲ ಬಳಿ ಕುಳಿತು, "ಅಕ್ಕಾ, ನಮ್ಮ ನೀಲಾನ ಹೆಸರು ಇಡೂಣು. ತೊಟ್ಟಿಲದಾಗ ನೀನ ಹೇಳಬೇಕು" ಎಂದಿದ್ದ. ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಊದುವುದು ಸೋದರತ್ತೆಯ ಹಕ್ಕು. ಹೆಸರು ಊದಿದೊಡನೆ ಸುತ್ತಲಿನ ಹೆಂಗಸರು ಅತ್ತೆಯ ಬೆನ್ನಿಗೆ ಗುದ್ದಬೇಕು. ಗುದ್ದು ಜೋರಾದಷ್ಟೂ ಕೂಸು ಗಟ್ಟಿ.

ಆದರೆ ನಾಲ್ಕು ತಿಂಗಳಿಂದ ದಾನಮ್ಮನ ಮಾತು ತಡವಾಗತೊಡಗಿತ್ತು. ಮುರಿಗೆಪ್ಪ ಅದನ್ನು ಗಡಿಯಾರದಿಂದ ಅಳೆಯಲಿಲ್ಲ. ಏನಾದರೂ ಕೇಳಿ, ಉತ್ತರ ಬರುವವರೆಗೆ ಮನಸ್ಸಿನಲ್ಲಿ ಪಂಚಾಕ್ಷರಿ ಜಪಿಸುತ್ತಿದ್ದ. ಮೊದಮೊದಲು ಎರಡು ಜಪಕ್ಕೆ ಉತ್ತರ ಬರುತ್ತಿತ್ತು. ಆಮೇಲೆ ಐದು. ಈಗ ಹದಿನೆಂಟು. ಒಮ್ಮೊಮ್ಮೆ ಬಂದ ಮಾತೂ ಅರ್ಧಂಬರ್ಧ. ಡಾಕ್ಟರು ನರ ಮತ್ತೆ ಸೋಲುತ್ತಿರಬಹುದು ಎಂದಿದ್ದರು. ಮುರಿಗೆಪ್ಪ ಕೈಮುಗಿದು, ಶಿವನಿಚ್ಛೆ ಎಂದುಕೊಂಡು ಮನೆಗೆ ಬಂದಿದ್ದ. ಒಂದು ಕಾಲಕ್ಕೆ ಓಣಿಯಲ್ಲೆಲ್ಲ ಚ್ಯಾಷ್ಟಿಗೆ ಹೆಸರಾದ ದಾನಮ್ಮ, ಬೇಕಾದಷ್ಟಕ್ಕೆ ಮಾತ್ರ ಮಾತಾಡುವವಳಾದಳು.

ಗುರುವಾರ ಸಂಜೆ ಪ್ರಭುಲಿಂಗನ ಹೆಂಡತಿಯ ತಾಯಿ ಬಾಳವ್ವ ಮನೆಗೆ ಬಂದಳು. ಸೋಮವಾರದ ತೊಟ್ಟಿಲ ಶಾಸ್ತ್ರ ಅವಳ ಮನೆಯಲ್ಲೇ. ಒಳ್ಳೆಯ ಹೆಂಗಸು, ಹೇಳಬೇಕಾದ್ದನ್ನು ಹೇಳಲಾರದೆ ಸೆರಗಿನ ತುದಿ ಸುತ್ತುತ್ತ ಕುಳಿತಳು.

"ದಾನಕ್ಕ, ತಪ್ಪು ತಿಳಕೋಬ್ಯಾಡ್ರಿ. ನೀವು ಹೆಸರು ಹೇಳೂದ್ರಾಗ ಹೆಂಗಸರು ಗುದ್ದಿ, ನಕ್ಕು, ಸಕ್ಕರಿ ತಿಂದು ಮುಗಿಸಿರ್ತಾರ. ಮುಹೂರ್ತ ಮೀರತೈತಿ. ನಿಮ್ಮ ಕಾಕಾನ ಮಗಳು ಇದ್ದಾಳಲ್ಲ, ಆಕಿನೂ ಸೋದರತ್ತಿನ. ನೀವು ಬಾಜೂಕ ಕುಂದರ್ರಿ, ಆಕಿ ಹೇಳಲಿ."

ದಾನಮ್ಮ ಅವಳನ್ನೇ ನೋಡಿದಳು. ಕೊರಳು ಮಿಡಿದದ್ದು ಮುರಿಗೆಪ್ಪನಿಗೆ ಕಂಡಿತು. ಅವನು ಜಪ ಹಿಡಿದ. ಬಾಳವ್ವ ಮುಜುಗರದಿಂದ ಎದ್ದಳು, ಕೈಮುಗಿದಳು, ಚಪ್ಪಲಿ ಮೆಟ್ಟಿದಳು, ಓಣಿ ತಿರುಗಿ ಮರೆಯಾದಳು. ಆಗ ಪಟ್ಟಿಯಿಂದ ದಾನಮ್ಮನ ದನಿ ಹೊರಟಿತು.

"ಕುಂದರ್ರಿ ಬಾಳಕ್ಕ, ಚಾ ಕುಡದು ಹೋಗೀರಂತ."

ಬಾಳವ್ವ ಬಂದಾಗ ಹೇಳಹೊರಟಿದ್ದ ಮಾತು ಈಗ ಖಾಲಿ ಕುರ್ಚಿಗೆ ತಲುಪಿತು. ಹೆಸರಿನ ಮಾತಿಗೆ ಅವಳು ಏನು ಹೇಳಬೇಕೆಂದಿದ್ದಳೋ, ಅದು ಇನ್ನೂ ಹಿಂದೆಯೇ ಉಳಿದಿತ್ತು. ಬಹಳ ಹೊತ್ತಿನ ಮೇಲೆ ಅದೂ ಬಂತು. "ಹನ್ನೊಂದು ವರ್ಷ... ಬಾಯಾಗ ಇಟ್ಕೊಂಡೇನ್ರಿ... ಬ್ಯಾರೇದಾಕಿ ಹ್ಯಾಂಗ..." ಮುಂದಿನದು ಬರಲೇ ಇಲ್ಲ.

ಮರುದಿನ ಕಚೇರಿಗೆ ಹೋದಾಗ ಮೇಲಿನವರ ಪತ್ರ ಬಂದಿತ್ತು. 'ನಿಮ್ಮ ಉಗ್ರಾಣ ಎಲ್ಲ ಕಂಪ್ಯೂಟರುಗಳಿಗೂ ಪಾಠ ಬಡಿಸುತ್ತಿದೆಯೇ ಎಂದು ಪರೀಕ್ಷಿಸಿ ವರದಿ ಕಳಿಸಿ' ಎಂಬುದು ಅದರ ಸಾರ.

ಉಗ್ರಾಣವೆಂಬುದು ಕಚೇರಿಯವರೇ ಇಟ್ಟ ಹೆಸರು. ಮನುಷ್ಯನ ಕೊರಳು ದಿನದಿನಕ್ಕೂ ಬದಲಾಗುತ್ತದೆ. ಪಟ್ಟಿ ವಾರಕ್ಕೊಮ್ಮೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಅದಕ್ಕೆ ತಕ್ಕ ಹೊಸ ಪಾಠ, ಅಂದರೆ ಅಪ್‌ಡೇಟು, ಪ್ರತಿ ಸೋಮವಾರ ರಾಜಧಾನಿಯ ಪ್ರಯೋಗಾಲಯದಿಂದ ಬರುತ್ತದೆ. ಕಂಪ್ಯೂಟರ್ ಅದನ್ನು ಕಲಿಯದೆ ಹಿಂದುಳಿದರೆ ಪಟ್ಟಿಯ ಮಾತು ಅದಕ್ಕೆ ಪರಭಾಷೆ. ಊಹಿಸಿ ಊಹಿಸಿ ತಡಮಾಡುತ್ತದೆ. ಆದರೆ ಗುಡ್ಡದ ಮೇಲಿನ ಇಂಟರ್ನೆಟ್ ಗೋಪುರದಿಂದ ಊರಿಗೆ ಬರುವ ದಾರಿ ಕಿರಿದು. ಇಪ್ಪತ್ತಮೂರು ಕಂಪ್ಯೂಟರುಗಳೂ ಒಮ್ಮೆಗೇ ಎಳೆದರೆ ಯಾವುದಕ್ಕೂ ದಕ್ಕುವುದಿಲ್ಲ. ಅದಕ್ಕೇ ನಾಲ್ಕು ತಿಂಗಳ ಹಿಂದೆ ಉಗ್ರಾಣವೆಂಬ ಈ ಸರ್ವರ್ ಬಂತು. ಅದು ಪಾಠವನ್ನು ಒಂದೇ ಸಲ ಹೊರಗಿನಿಂದ ತಂದು ಇಟ್ಟುಕೊಂಡು, ಕಚೇರಿಯೊಳಗೇ ಎಲ್ಲಕ್ಕೂ ಹಂಚುತ್ತದೆ.

ಮುರಿಗೆಪ್ಪ ಉಗ್ರಾಣದ ಪರದೆ ನೋಡಿದ. ಹಸಿರು ದೀಪ. 'ಪಾಠ ಸಿದ್ಧ. ಎಲ್ಲರಿಗೂ ಬಡಿಸಿದೆ. ಬಾಕಿ ಇಲ್ಲ.' ಅದನ್ನೇ ವರದಿಗೆ ಇಳಿಸತೊಡಗಿದ.

ಪಕ್ಕದ ಮೇಜಿನಲ್ಲಿ ಜುಲೇಖಾ ಇದ್ದಳು. ಹೊಸಬರಿಗೆ ಪಟ್ಟಿ ಕಟ್ಟಿ ಮಾತು ಕಲಿಸುವವಳು, ನಾಲ್ಕು ಮಕ್ಕಳ ತಾಯಿ, ಮುಲಾಜಿಲ್ಲದ ಬಾಯಿ.

"ಏನ್ ಬರಿಯಾಕ್ಹತ್ತೀರಿ ಸರ?"

"ಎಲ್ಲಾ ಬರೊಬ್ಬರಿ ಐತಿ ಅಂತ."

"ಯಾರು ಅಂದ್ರು?"

"ಉಗ್ರಾಣನ ಅಂತೈತಲ್ಲವಾ."

ಜುಲೇಖಾ ನಕ್ಕಳು. "ನಮ್ಮನ್ಯಾಗ ನಾ ಅಡಗಿ ಮಾಡಿ, ಎಲ್ಲಾರೂ ಉಂಡ್ರು ಅಂತ ಬೋಗಾಣಿ ಕೇಳೂದಿಲ್ರಿ. ಹುಡುಗೂರನ್ನ ಕೇಳ್ತೀನಿ."

ಮುರಿಗೆಪ್ಪನ ಕೈ ನಿಂತಿತು. ಅವನ ತಂದೆ ರಾಚಪ್ಪ ಊರ ಮಠದ ದಾಸೋಹದಲ್ಲಿ ನಲವತ್ತು ವರ್ಷ ಬಡಿಸಿದವರು. ಹುಗ್ಗಿಯ ಕೊಪ್ಪರಿಗೆ ತುಂಬಿದೆಯೋ ಎಂದು ಅವರು ಎಂದೂ ಇಣುಕಿದ್ದಿಲ್ಲ. ಬಡಿಸಿ ಮುಗಿಯಿತೆಂದು ಹುಡುಗರು ಕೂಗಿದ ಮೇಲೆ, ಪಂಕ್ತಿಯ ಕಟ್ಟಕಡೆಯ ಎಲೆಯ ಮುಂದೆ ಹೋಗಿ ಬಾಗಿ, "ಬಂತೇನ್ರಿ?" ಎಂದು ಕೇಳುವರು. ಅಲ್ಲಿಂದ "ಬಂತ್ರಿ" ಎಂಬ ಮಾತು ಬಂದರೆ ಮಾತ್ರ 'ಹರಹರ ಮಹಾದೇವ'.

"ನೀ ಹೇಳೂದು ಖರೇ ಐತಿ" ಎಂದು ಮುರಿಗೆಪ್ಪ ಎದ್ದ.

ಒಂದೊಂದೇ ಕಂಪ್ಯೂಟರಿನ ಮುಂದೆ ಕುಳಿತು, ಎಷ್ಟನೆಯ ಪಾಠ, ಎಲ್ಲಿಂದ ಪಡೆದೆ ಎಂದು ಕೇಳುತ್ತ ಹೋದ. 'ಈ ವಾರದ್ದು. ಉಗ್ರಾಣದಿಂದ.' ಮುಂದಿನದು. 'ಈ ವಾರದ್ದು. ಉಗ್ರಾಣದಿಂದ.' ಇಪ್ಪತ್ತೆರಡೂ ಹಾಗೇ ಹೇಳಿದವು. ಜುಲೇಖಾ ಗೀಟು ಹಾಕಿಕೊಳ್ಳುತ್ತ ಹಿಂದೆಯೇ ಬಂದಳು.

"ಇಪ್ಪತ್ಮೂರನೇದು?"

"ಅದು ನಮ್ಮ ಮನಿಯಾಕಿದು. ಇರಲಿ."

"ಇರಲಿ ಅಂದ್ರ? ಆಕಿ ಎಲಿ ಮುಂದ ಕುಂತಿಲ್ಲೇನು?"

ಇಲ್ಲೊಂದು ಹಳೆಯ ಮಾತು ಹೇಳಬೇಕು. ಉಗ್ರಾಣ ಬಂದ ಮೊದಲ ಸೋಮವಾರ ದಾನಮ್ಮನ ಕಂಪ್ಯೂಟರಿಗೇ ಮೊದಲು ಪಾಠ ಸಿಕ್ಕಿತ್ತು. ಆಗ ಅವಳದು ಒಂದನೆಯ ನಂಬರು. ತಾಯಿಯ ಪಟ್ಟಿ ತೋರಿಸಲು ಬಂದಿದ್ದ ನೇಕಾರ ತಿಪ್ಪಣ್ಣ ಅದನ್ನು ನೋಡಿ, "ಸಾಹೇಬರ ಮನಿಯವರಿಗೆ ಮೊದಲನೇ ಪಂಗ್ತಿ, ನಮಗ ತಳಾ ಕೆರದಿದ್ದು" ಎಂದು ನಕ್ಕ. ಆ ಮಾತು ಮುರಿಗೆಪ್ಪನಿಗೆ ಮುಳ್ಳಿನಂತೆ ನಾಟಿತು. ದಾಸೋಹದಲ್ಲಿ ಬಡಿಸುವವನ ಮನೆಯವರು ಕಡೆಗೆ ಉಣ್ಣಬೇಕು. ಅವನ ತಾಯಿ ಜೀವಮಾನವೆಲ್ಲ ಹಾಗೇ ಉಂಡವಳು. ಅಂದೇ ಅವನು ಹೆಂಡತಿಯ ಕಂಪ್ಯೂಟರನ್ನು ಎತ್ತಿ ಹಿಂದಿನ ಕೋಣೆಯಲ್ಲಿಟ್ಟ, ಬೇರೆ ತಂತಿಗೆ ಜೋಡಿಸಿದ, ಇಪ್ಪತ್ತಮೂರನೆಯ ನಂಬರು ಕೊಟ್ಟ. ಎಲ್ಲರದೂ ಆದ ಮೇಲೆ ಅದಕ್ಕೂ ಬರಲಿ ಎಂಬುದು ಅವನ ಎಣಿಕೆ. ಆಮೇಲೆ ಅತ್ತ ಹೋಗಲಿಲ್ಲ. ತನ್ನ ಹೆಂಡತಿಯದನ್ನು ಹೆಚ್ಚು ನೋಡಿಕೊಳ್ಳುತ್ತಾನೆಂಬ ಮಾತು ಬರಬಾರದಲ್ಲ.

ಹಿಂದಿನ ಕೋಣೆಯ ಬಾಗಿಲು ತೆರೆದು ಅದರ ಮುಂದೆ ಕುಳಿತು ಅದೇ ಪ್ರಶ್ನೆ ಕೇಳಿದ. ಪರದೆಯ ಮೇಲೆ ಉತ್ತರ ಬಂತು.

'ಹದಿನಾರು ವಾರದ ಹಿಂದಿನ ಪಾಠ. ಉಗ್ರಾಣ ಕಾಣಿಸುತ್ತಿಲ್ಲ. ಹೊರಗಿನಿಂದ ತರಲು ಯತ್ನ: ನೂರಾ ಹನ್ನೊಂದು. ಈಗ ನೂರಕ್ಕೆ ಏಳು ಪಾಲು ಬಂದು ನಿಂತಿದೆ.'

ಉಗ್ರಾಣ ಮುಂದಿನ ಹಜಾರದ ತಂತಿಯಲ್ಲಿರುವವರನ್ನು ಮಾತ್ರ ತನ್ನವರೆಂದು ತಿಳಿದಿತ್ತು. ಅದರ ಯಾದಿಯಲ್ಲಿ ಇಪ್ಪತ್ತೆರಡೇ ಹೆಸರು, ಇಪ್ಪತ್ತೆರಡಕ್ಕೂ ಬಡಿಸಿತ್ತು, ಬಾಕಿ ಇಲ್ಲವೆಂದದ್ದು ಸುಳ್ಳಲ್ಲ. ದಾನಮ್ಮನ ಕಂಪ್ಯೂಟರ್ ದಿನವೂ ಆ ಕಿರಿದಾದ ದಾರಿಯಲ್ಲಿ ತಾನೇ ಹೊರಗೆ ಹೋಗಿ, ತುತ್ತು ಸಿಕ್ಕೊಡನೆ ಜನರ ಸಂದಣಿಗೆ ಸಿಲುಕಿ ಬರಿಗೈಯಲ್ಲಿ ಮರಳಿ, ಮರುದಿನ ಮೊದಲಿಂದ ಹೊರಟಿತ್ತು. ನೂರಾ ಹನ್ನೊಂದು ದಿನ.

"ಶಿವನಿಚ್ಛೆ ಅಂತ ಕೈಮುಗದೆ, ಜುಲೇಖಾ" ಎಂದ ಮುರಿಗೆಪ್ಪ. ಅವನ ದನಿ ಒಡೆಯಿತು. "ಆಕಿ ನರ ಸೋತಾವು ಅಂತ ಊದಿನಕಡ್ಡಿ ಹಚ್ಚಿ ಕುಂತೆ. ತಂತಿ ಕಿತ್ತಾಂವ ನಾನು."

ಜುಲೇಖಾ ಒಂದು ಲೋಟ ನೀರು ತಂದು ಅವನ ಮುಂದಿಟ್ಟಳು. "ಅಳೂದು ಆಮ್ಯಾಲ ಅಳ್ರಿ. ಸೋಮವಾರಕ್ಕ ಎಷ್ಟು ದಿನ ಐತಿ, ಅದನ್ನ ಮೊದಲ ಹೇಳ್ರಿ."

ತಂತಿ ಜೋಡಿಸಿ ಉಗ್ರಾಣದ ಯಾದಿಯಲ್ಲಿ ಹೆಸರು ಸೇರಿಸಲು ಹತ್ತು ನಿಮಿಷ ಸಾಕಾಯಿತು. ಆದರೆ ಪಾಠಗಳನ್ನು ಒಂದಾದ ಮೇಲೆ ಒಂದರಂತೆ ಕ್ರಮವಾಗಿಯೇ ಕಲಿಯಬೇಕು. ಉಗ್ರಾಣದಲ್ಲಿ ಇರುವುದು ಕಡೆಯ ನಾಲ್ಕು ವಾರದ್ದು ಮಾತ್ರ. ಹಳೆಯ ಹನ್ನೆರಡನ್ನು ಹೊರಗಿನಿಂದಲೇ ತರಬೇಕು. ವಾರದ ದಿನ ಸರಕಾರಿ ಕೆಲಸಕ್ಕೆ ದಾರಿ ಬಿಡುವಿಲ್ಲ. ಭಾನುವಾರ ಬಿಡುವು, ಆದರೆ ಅಂದು ಆ ದಾರಿ ಪಟ್ಟಿಯವರ ಮಾತಿಗೇ ಮೀಸಲು. ದೂರದೂರಿನಲ್ಲಿರುವ ಮಕ್ಕಳು, ಅಕ್ಕತಂಗಿಯರೊಡನೆ ಅವರು ವಾರಕ್ಕೊಮ್ಮೆ ಮಾತಾಡುವುದು ಅಂದೇ. ಅದನ್ನು ಬಿಟ್ಟುಕೊಡಿ ಎಂದು ಕೇಳಬೇಕಾದರೆ ತನ್ನ ತಪ್ಪನ್ನು ಎಲ್ಲರೆದುರು ಹೇಳಬೇಕು.

ಶನಿವಾರ ಮಧ್ಯಾಹ್ನ ಇಪ್ಪತ್ತೆರಡು ಮನೆಯವರೂ ಕಚೇರಿಯ ಹಜಾರದಲ್ಲಿ ಕೂಡಿದರು. ಬಣ್ಣಬಣ್ಣದ ಖಣದ ಪಟ್ಟಿಗಳು. ಮುರಿಗೆಪ್ಪ ಕೈಮುಗಿದು ನಿಂತು ನಡೆದದ್ದನ್ನೆಲ್ಲ ಬಿಡದೆ ಹೇಳಿದ. ತಿಪ್ಪಣ್ಣನ ಹೆಸರೊಂದನ್ನು ಬಿಟ್ಟ. ಅದು ತಿಪ್ಪಣ್ಣನಿಗೇ ತಿಳಿಯಿತು.

"ಅಯ್ಯ ಸಾಹೇಬ್ರ, ಆ ಮಾತು ಅಂದಾಂವ ನಾನು. ಚ್ಯಾಷ್ಟಿಗೆ ಅಂದದ್ರಿ ಅದು! ನಾಲ್ಕು ತಿಂಗಳ ಎದ್ಯಾಗ ಇಟ್ಕೊಂಡ್ರೇನು?"

ಅವನ ತಾಯಿ ಹನುಮವ್ವ, ಒಂಬತ್ತನೆಯ ನಂಬರಿನವಳು, ಪಕ್ಕದಲ್ಲೇ ಕುಳಿತಿದ್ದಳು. ಅವಳ ಪಟ್ಟಿಯಿಂದ ಥಟ್ಟನೆ ಮಾತು ಬಂತು. "ಪಟ್ಟಿ ಈ ನನ್ನ ಮಗನ ಬಾಯಿಗೆ ಕಟ್ಟಬೇಕಿತ್ತು. ತಪ್ಪಿ ನನ್ನ ಕೊರಳಿಗೆ ಕಟ್ಟ್ಯಾರ."

ಹಜಾರವೆಲ್ಲ ನಕ್ಕಿತು. ನಗು ನಿಂತ ಮೇಲೆ ಹನುಮವ್ವನೇ ಮುಂದುವರಿಸಿದಳು. "ಸೊಲ್ಲಾಪುರದ ಮಗಳ ಕೂಡ ನಾ ಈ ಭಾನುವಾರ ಮಾತಾಡೂದಿಲ್ಲ. ಏಕಾದಶಿ ಉಪಾಸ ಮಾಡ್ತೀವಿ, ಒಂದಿನ ಮಾತಿನ ಉಪಾಸ ಮಾಡಿದ್ರ ಏನ್ ಸಾಯ್ತೀವಿ? ದಾನವ್ವನ ಕೂಸಿಗೆ ಹೆಸರಾಗಲಿ."

"ನಾವೂ ಮಾಡ್ತೀವಿ" ಎಂದಿತು ಇನ್ನೊಂದು ಪಟ್ಟಿ. ಮತ್ತೊಂದು. ಮಗದೊಂದು. ಮುರಿಗೆಪ್ಪನಿಗೆ ಎದುರಿನ ಮುಖಗಳು ಮಸುಕಾಗಿ ಕಂಡವು.

ಭಾನುವಾರ ಬೆಳಗಿನ ಪೂಜೆ ಮುಗಿಸಿ ಆರು ಗಂಟೆಗೇ ಅವನೂ ಜುಲೇಖಾಳೂ ಹಿಂದಿನ ಕೋಣೆಯಲ್ಲಿ ಕುಳಿತರು. ಊರಿನ ದಾರಿ ಎಂದೂ ಅಷ್ಟು ತೆರವಾಗಿದ್ದುದನ್ನು ಅವರು ಕಂಡಿರಲಿಲ್ಲ. ಮುಕ್ಕಾಲು ಗಂಟೆಗೆ ಒಂದು ಪಾಠ. ಏಳನೆಯದರ ಹೊತ್ತಿಗೆ ತಿಪ್ಪಣ್ಣ ಬುತ್ತಿ ತಂದ. ಮಾತಾಡದೆ ಇಟ್ಟು ಹೋದ. ತನಗೂ ಉಪವಾಸವಿದೆಯೆಂಬಂತೆ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದ. ಇಳಿಹೊತ್ತಿಗೆ ಹನ್ನೆರಡೂ ಮುಗಿದವು. ಉಳಿದ ನಾಲ್ಕನ್ನು ಉಗ್ರಾಣ ಕಣ್ಣುಮಿಟುಕಿಸುವಷ್ಟರಲ್ಲಿ ಬಡಿಸಿತು.

"ಕೇಳ್ರಿ" ಎಂದಳು ಜುಲೇಖಾ.

ಮುರಿಗೆಪ್ಪ ಕೇಳಿದ. 'ಈ ವಾರದ್ದು. ಉಗ್ರಾಣದಿಂದ.' ಜುಲೇಖಾ ಇಪ್ಪತ್ತಮೂರನೆಯ ಗೀಟು ಹಾಕಿದಳು. ಅವನು ವರದಿಯಲ್ಲಿ ಹೀಗೆ ಬರೆದ: 'ಇಪ್ಪತ್ತಮೂರನ್ನೂ ಅವುಗಳ ಮುಂದೆ ಕುಳಿತು ಕೇಳಿದ್ದೇನೆ. ಒಂದಕ್ಕೆ ನನ್ನ ತಪ್ಪಿನಿಂದ ಹದಿನಾರು ವಾರ ಬಡಿಸಿರಲಿಲ್ಲ. ಈಗ ಬಡಿಸಿದೆ.'

ಪಟ್ಟಿಗೂ ಕಂಪ್ಯೂಟರಿಗೂ ಹೊಂದಿಕೆಯಾಗಲು ದಾನಮ್ಮ ಒಂದು ನಿದ್ದೆ ಮಾಡಿ ಏಳಬೇಕಿತ್ತು. ನಿಜವಾಗಿ ನರವೂ ಸೋತಿದ್ದರೆ? ಆ ಭಯ ಉಳಿದೇ ಇತ್ತು. ಸೋಮವಾರ ಬೆಳಿಗ್ಗೆ ಮುರಿಗೆಪ್ಪ ಹೆಂಡತಿಯ ಮುಂದೆ ಕುಳಿತು, "ಏನರ ಒಂದು ಮಾತಾಡಿ ನೋಡು" ಎಂದ. ದಾನಮ್ಮ ತಲೆಯಾಡಿಸಿದಳು. ಬಲಗೈ ಏಳದು, ಎಡಗೈಯಿಂದ ದೇವರ ಕೋಣೆ ತೋರಿಸಿದಳು, ಆಮೇಲೆ ತನ್ನ ಕೊರಳು ಮುಟ್ಟಿಕೊಂಡಳು. ಅವನಿಗೆ ಅರ್ಥವಾಯಿತು. ಹೊಸ ಜೋಳದ ಮೊದಲ ಹಿಡಿಯನ್ನು ಮೀಸಲು ಎತ್ತಿಡುವಂತೆ, ಬಂದ ಮಾತಿನ ಮೊದಲನೆಯದನ್ನು ಅವಳು ಕೂಸಿಗೆ ಮೀಸಲಿಟ್ಟಿದ್ದಳು.

ಬಾಳವ್ವನ ಮನೆಯ ಪಡಸಾಲೆಯಲ್ಲಿ ತೊಟ್ಟಿಲು. ಗಂಡಸರು ಹೊರಗಿನ ಕಟ್ಟೆಯ ಮೇಲೆ. ಪ್ರಭುಲಿಂಗ ಅಕ್ಕನ ಕೈಹಿಡಿದು ತಂದು ತೊಟ್ಟಿಲ ಬಳಿ ಕೂಡಿಸಿ ಹೊರಗೆ ಬಂದ. ಕಾಕಾನ ಮಗಳೂ ಪಕ್ಕದಲ್ಲೇ ಕುಳಿತಿದ್ದಳು. ಬೇಕಾದರೆ ಇರಲಿ ಎಂದು ಬಾಳವ್ವನ ಏರ್ಪಾಡು.

"ಹೂಂ ದಾನಕ್ಕ, ಹೇಳ್ರಿ" ಎಂಬ ಬಾಳವ್ವನ ದನಿ ಕೇಳಿತು.

ಮುರಿಗೆಪ್ಪ ಕಣ್ಣುಮುಚ್ಚಿ ಜಪ ಹಿಡಿದ. ಹದಿನೆಂಟಾದರೂ ಬರಲಿ, ಇಪ್ಪತ್ತಾದರೂ ಬರಲಿ, ಅಷ್ಟರವರೆಗೆ ಆ ಹೆಂಗಸರ ಕೈ ತಡೆದಿಡು ತಂದೆ ಎಂದು ಬೇಡಿಕೊಂಡ. ಓಂ ನಮಃ—

ಧಪಧಪನೆ ಗುದ್ದು ಬಿದ್ದ ಸದ್ದು.

ಮುಗಿಯಿತು, ಕಾಯಲಿಲ್ಲ ಇವರು ಎಂದುಕೊಂಡ. ಅಷ್ಟರಲ್ಲಿ ಒಳಗಿನಿಂದ ಹೆಂಗಸರೆಲ್ಲ ಒಟ್ಟಾಗಿ ಕೂಗಿದರು: "ನೀಲಾಂಬಿಕಾ!" ಹಿಂದೆಯೇ ಇನ್ನೊಂದು ದನಿ, ಪಟ್ಟಿ ಕಟ್ಟಿದ ಮೊದಲ ವಾರದಷ್ಟೇ ಚುರುಕಾದದ್ದು: "ಸಾಕು ಬಿಡ್ರ್ಯಾ! ಹೆಸರಿಡಾಕ ಬಂದೇನಿ, ಬೆನ್ನು ಮುರಿಸಿಕೊಳ್ಳಾಕ ಬಂದಿಲ್ಲ. ಬಾಳಕ್ಕ, ಮೊನ್ನೆ ಚಾ ಕುಡೀದ ಓಡಿ ಹೋದ್ರಿ, ಆ ಸಿಟ್ಟು ಇಲ್ಲಿ ತೀರಿಸ್ತೀರೇನು?"

ಕಟ್ಟೆಯ ಮೇಲೆ ಪ್ರಭುಲಿಂಗ ಭಾವನ ಹೆಗಲ ಮೇಲೆ ತಲೆಯಿಟ್ಟು ಅತ್ತ. ಮುರಿಗೆಪ್ಪ ನಿಧಾನವಾಗಿ ಆ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿದ. ಸಿಹಿಯಾಗಿಯೇ ಇತ್ತು.

ಊಟಕ್ಕೆ ಎಲೆ ಹಾಕಿದರು. ರೂಢಿಯಂತೆ ಮುರಿಗೆಪ್ಪ ಧೋತರ ಬಿಗಿದು ಹುಗ್ಗಿಯ ಪಾತ್ರೆ ಎತ್ತಿಕೊಂಡ. ಬಡಿಸುತ್ತ ಬಡಿಸುತ್ತ ಪಂಕ್ತಿಯ ಕಡೆಗೆ, ದಾನಮ್ಮನ ಎಲೆಯ ಮುಂದೆ ಬಂದು, "ಇನ್ನೊಂದಿಷ್ಟು ಹಾಕಲೇನು?" ಎಂದು ಕೇಳಿದ. ಕೇಳಿ, ಸೌಟು ಹಿಡಿದು ಕಣ್ಣುಮುಚ್ಚಿ ನಿಂತ. ತುಟಿಗಳು ಜಪಕ್ಕೆ ಅಲುಗತೊಡಗಿದವು.

"ರೀ."

ಅವನು ಕಣ್ಣು ತೆರೆದ.

"ಬ್ಯಾಡ ಅಂತ ನಾ ಆಗಲೇ ಹೇಳೇನಿ. ನೀವ ಹಿಂದ ಉಳದೀರಿ. ಮಂತ್ರ ಆಮ್ಯಾಲ ಹೇಳೀರಂತ. ನಾಲ್ಕು ತಿಂಗಳ ನನ್ನ ಹೆಸರಲೆ ಶಿವನಿಗೆ ಬ್ಯಾಸರ ಮಾಡೀರಿ, ಆತನೂ ಒಂದಿಷ್ಟು ಉಸರ ಹಾಕಲಿ." ಎಡಗೈಯಿಂದ ತನ್ನ ಪಕ್ಕದ ಎಲೆಯನ್ನು ಸರಿಮಾಡಿದಳು. ಅಲ್ಲೊಂದು ಎಲೆ ಇರುವುದನ್ನೇ ಅವನು ನೋಡಿರಲಿಲ್ಲ. "ಕುಂದರ್ರಿ ಇಲ್ಲೆ."

"ನಾ ಬಡಸಾಂವ. ಎಲ್ಲಾರದೂ ಆದಮ್ಯಾಲ..."

"ಕಡೀಕ ಉಣ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಪಂಗ್ತಿ ಬಿಟ್ಟು ಹೊರಗ ಕುಂದರಬ್ಯಾಡ್ರಿ. ನಿಮಗ ಬಡಸಿದ್ದು ಯಾರಿಗೂ ಗೊತ್ತಾಗೂದಿಲ್ಲ. ನನ್ನ ಹಣೇಬಾರ ನೋಡಿದ್ರೆಲ್ಲ."

ತಿಪ್ಪಣ್ಣ ಬಂದು ಅವನ ಕೈಯಿಂದ ಸೌಟನ್ನೂ ಪಾತ್ರೆಯನ್ನೂ ಕಸಿದುಕೊಂಡ. ಮುರಿಗೆಪ್ಪ ಹೆಂಡತಿಯ ಪಕ್ಕದಲ್ಲಿ, ಪಂಕ್ತಿಯ ಕಟ್ಟಕಡೆಯ ಎಲೆಗೆ ಕುಳಿತ. ಬಿಸಿ ಹುಗ್ಗಿ ಬಿತ್ತು, ಮೇಲೊಂದು ಚಮಚ ತುಪ್ಪ ಬಿತ್ತು. ತಿಪ್ಪಣ್ಣ ಮುಂದೆ ಹೋಗದೆ ಅಲ್ಲೇ ಬಾಗಿ, ಪಂಕ್ತಿಗೆಲ್ಲ ಕೇಳುವಂತೆ, "ಬಂತೇನ್ರಿ?" ಎಂದ.

"ಬಂತ್ರಿ" ಎಂದ ಮುರಿಗೆಪ್ಪ.